ಪರಂಗಿ ಎಲೆಯ ಡಬ್ಬಿ

ಕೆಂಗೇರಿ ಉಪನಗರ
೧೭ ನವೆಂಬರ್ ೨೦೨೫, ಸೋಮವಾರ ಮಧ್ಯಾಹ್ನ

ಪ್ರೀತಿಯ ಸಿಂಚನಾ,

ನಮ್ಮಮ್ಮನಿಗೆ ಡೆಂಗ್ಯೂ ಬಂದೇ ಇರಲಿಲ್ಲ. ಇರುವುದು ಅಂಡಾಶಯದ ಕ್ಯಾನ್ಸರ್. ಏಪ್ರಿಲ್‌ನಿಂದ ನಮ್ಮ ಮನೆಯವರೆಲ್ಲ ಸೇರಿ ಇದನ್ನು ನಿನ್ನಿಂದ ಮುಚ್ಚಿಟ್ಟಿದ್ದೇವೆ. ಅಪ್ಪ, ಅಜ್ಜಿ, ಮುಂದಿನ ತಿಂಗಳು ನಿನಗೆ ತಾಳಿ ಕಟ್ಟಬೇಕಿರುವ ನಮ್ಮಣ್ಣ ಗೌತಮ್, ಆಮೇಲೆ ನಾನು. ನನ್ನನ್ನು ಕೊನೆಗೆ ಸೇರಿಸಿದೆ ಎಂದು ನನ್ನ ಪಾಲು ಕಡಿಮೆ ಎಂದುಕೊಳ್ಳಬೇಡ.

ಇನ್ನೊಂದೂ ಇದೆ. ನೀನು ನಾಗರಬಾವಿಯಿಂದ ಸ್ಕೂಟರ್‌ನಲ್ಲಿ, ಉಲ್ಲಾಳು ರಸ್ತೆಯ ಗುಂಡಿಗಳಲ್ಲಿ ಬೆನ್ನು ಮುರಿದುಕೊಂಡು, ನಿಮ್ಮ ಹಿತ್ತಲಿನ ಪರಂಗಿ ಎಲೆಗಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿ ಸ್ಟೀಲ್ ಡಬ್ಬಿಯಲ್ಲಿಟ್ಟು ತರುತ್ತಿದ್ದೆಯಲ್ಲ, ಆ ಎಲೆಯ ರಸ ಅಮ್ಮನ ಹೊಟ್ಟೆಗೆ ಹೋದದ್ದು ಒಂದೇ ಲೋಟ. ಅದೂ ಅರ್ಧ ಗಂಟೆಯೊಳಗೆ ವಾಂತಿಯಾಗಿ ಹೊರಗೆ ಬಂತು. ಕೀಮೋ ನಡೆಯುವಾಗ ಮನೆಮದ್ದು ಯಾವುದೂ ಬೇಡ ಎಂದು ಆಸ್ಪತ್ರೆಯಲ್ಲಿ ಹೇಳಿದರು. ಆದರೂ ನಾನು ಪ್ರತಿ ಸಲ ಎಲೆಗಳನ್ನು ಮಿಕ್ಸಿಗೆ ಹಾಕುತ್ತಿದ್ದೆ, ವಾಸನೆ ಮನೆಯೆಲ್ಲ ಹರಡಲಿ ಎಂದು. ಅಜ್ಜಿಗೆ ವಾಸನೆ ಬಂದರೆ ಸಮಾಧಾನ, ಅಪ್ಪನಿಗೆ ಮಿಕ್ಸಿ ಸದ್ದು ಕೇಳಿದರೆ ಸಮಾಧಾನ. ಹಸಿರು ನೊರೆ ತುಂಬಿದ ಲೋಟ ಹಿಡಿದು ಅಮ್ಮನ ಕೋಣೆಗೆ ಹೋಗಿ, ಕಿಟಕಿಯ ಸರಳಿನ ಸಂದಿಯಿಂದ ಕೈ ಹೊರಗೆ ಹಾಕಿ ಮಲ್ಲಿಗೆ ಬಳ್ಳಿಯ ಬುಡಕ್ಕೆ ಸುರಿಯುತ್ತಿದ್ದೆ. ಈಗಲೂ ನನ್ನ ಉಗುರಿನಲ್ಲಿ ಆ ಕಹಿ ವಾಸನೆ ಇದೆ. 

ಎಲೆ ತರಬೇಡ ಎಂದು ನಿನಗೆ ಹೇಳಿಬಿಡುತ್ತೇನೆ ಅಂದಾಗೆಲ್ಲ ಅಮ್ಮ ತಡೆಯುತ್ತಿದ್ದಳು. "ಪಾಪ, ಆ ಮಗು ಬಿಸಿಲಲ್ಲಿ ತರುತ್ತೆ. ಬೇಡ ಅನ್ಬೇಡ ಕಣೇ." ಅಷ್ಟೇ ಅಲ್ಲ, ನಿನ್ನ ಡಬ್ಬಿ ಎಂದೂ ಖಾಲಿ ಹಿಂದಿರುಗಬಾರದು. ಒಂದು ಸಲ ನಿಂಬೆಹಣ್ಣು, ಒಂದು ಸಲ ಹಿಡಿ ಅವರೆಕಾಳು, ಏನೂ ಇಲ್ಲದಿದ್ದರೆ ಎರಡು ಚಮಚ ಸಕ್ಕರೆ. ಏಳಲಾಗದೆ ಮಲಗಿದ್ದ ದಿನಗಳಲ್ಲೂ ಒಳಗಿನಿಂದ ಕೂಗಿ ಕೇಳುತ್ತಿದ್ದಳು, "ಡಬ್ಬಿಗೆ ಏನ್ ಹಾಕ್ದೆ?"

ವಾಟ್ಸಾಪ್‌ನಲ್ಲಿ ಹೇಳದೆ ಕಾಗದದಲ್ಲಿ ಯಾಕೆ ಬರೆಯುತ್ತಿದ್ದೇನೆ ಎಂದರೆ, ನಿನ್ನ ಫೋನಿನ ಪಾಸ್‌ವರ್ಡ್ ಗೌತಮನ ಬಳಿ ಇದೆ. ನೀನೇ ನಗುತ್ತಾ ಹೇಳಿದ್ದೆ. ನೀನು ನೋಡುವ ಮೊದಲೇ ಅವನು ಅಳಿಸಿಬಿಟ್ಟಾನು. ಈ ಪತ್ರವನ್ನು ನಿನ್ನ ಡಬ್ಬಿಯಲ್ಲಿಟ್ಟು ಇವತ್ತು ಸಂಜೆ ನಿಮ್ಮ ಗೇಟಿಗೆ ತಗುಲಿಸಿ ಬರುತ್ತೇನೆ. ಬೆಲ್ ಮಾಡುವುದಿಲ್ಲ. ನಿನ್ನ ಮುಖ ನೋಡಿಕೊಂಡು ಇಷ್ಟೆಲ್ಲ ಹೇಳುವ ಧೈರ್ಯ ನನಗಿಲ್ಲ. ಅಮ್ಮನಿಗೆ ಈ ಪತ್ರದ ವಿಷಯ ಗೊತ್ತಿಲ್ಲ.

ಡೆಂಗ್ಯೂ ಎಂಬ ಸುಳ್ಳು ಹುಟ್ಟಿದ್ದು ಹೀಗೆ. ನಿಮ್ಮಿಬ್ಬರ ನಿಶ್ಚಿತಾರ್ಥ ಮುಗಿದ ಮರುವಾರವೇ ಅಮ್ಮನ ಕಾಯಿಲೆ ಗೊತ್ತಾಯಿತು. ಅಜ್ಜಿ ಬಾಗಿಲು ಹಾಕಿ ಎಲ್ಲರನ್ನೂ ಕೂರಿಸಿದಳು. ಆ ಕಾಯಿಲೆಯ ಹೆಸರು ಈ ಹೊಸ್ತಿಲು ದಾಟಬಾರದು ಅಂದಳು. ಗೊತ್ತಾದರೆ ಹೆಣ್ಣಿನ ಕಡೆಯವರು ಹಿಂದೆ ಸರಿಯುತ್ತಾರೆ, ರಕ್ತದಲ್ಲಿ ಬರುವ ಕಾಯಿಲೆ ಅನ್ನುತ್ತಾರೆ. ಆಮೇಲೆ ನನ್ನ ಕಡೆ ತಿರುಗಿ, "ನಿಂಗೂ ಗಂಡು ಸಿಗಲ್ಲ ಕಣೇ, ಮೊದ್ಲೇ ಓದಿಲ್ಲ" ಅಂದಳು. ಆಗ ಗೌತಮ್ ಬಾಯಿ ಬಿಟ್ಟ. "ಡೆಂಗ್ಯೂ ಅನ್ನೋಣ. ಪ್ಲೇಟ್‌ಲೆಟ್ ಕಮ್ಮಿ ಆಗಿದೆ ಅನ್ನೋಣ. ಬೆಂಗಳೂರಲ್ಲಿ ಅದು ಯಾರಿಗೆ ಬರಲ್ಲ?" ಅಪ್ಪ ಅವನ ಬೆನ್ನು ತಟ್ಟಿದರು. ಅಮ್ಮ ಗೋಡೆಗೆ ಒರಗಿ ಕೂತಿದ್ದಳು. ಅವಳನ್ನು ಯಾರೂ ಕೇಳಲಿಲ್ಲ. ಇದು ಅವಳ ಕಾಯಿಲೆ ಅನ್ನುವುದೇ ಎಲ್ಲರಿಗೂ ಮರೆತಿತ್ತು.

ಲೋಕದಲ್ಲಿ ಏಳು ತಿಂಗಳು ಡೆಂಗ್ಯೂ ಅನುಭವಿಸಿದವಳು ನಮ್ಮಮ್ಮ ಒಬ್ಬಳೇ ಇರಬೇಕು. ನೀನೂ ಒಮ್ಮೆ ಕೇಳಿದ್ದೆ, ಇಷ್ಟು ದಿನ ಇರುತ್ತಾ ಎಂದು. ಹೊಸ ತಳಿ ಎಂದ ಗೌತಮ್. ಕೂದಲು ಉದುರಿದ್ದಕ್ಕೆ ತಿರುಪತಿಗೆ ಮುಡಿ ಕೊಟ್ಟೆವು ಎಂದರು. ಯಾರೂ ಯಾವ ಬೆಟ್ಟಕ್ಕೂ ಹೋಗಲಿಲ್ಲ. ಆ ಕೂದಲೆಲ್ಲ ನಮ್ಮ ಬಚ್ಚಲಿನ ಜಾಲರಿಯಲ್ಲಿ ಸಿಕ್ಕಿಕೊಂಡಿತ್ತು, ನಾನು ಕೈಯಿಂದ ತೆಗೆದೆ. ನೀನು ಮಾತ್ರ ಅಮ್ಮನ ಬೋಳು ತಲೆಗೆ ಕೈ ಮುಗಿದು ಗೋವಿಂದಾ ಎಂದೆ. ಆ ದಿನ ನಾನು ಮಹಡಿಗೆ ಹೋಗಿ ನಿಂತುಬಿಟ್ಟೆ.

ಪ್ಲೇಟ್‌ಲೆಟ್ ನಿಜವಾಗಿಯೂ ಕಡಿಮೆಯಾಗಿತ್ತು, ಅದು ಸುಳ್ಳಲ್ಲ. ಕೀಮೋದಿಂದ ಅರವತ್ತೆರಡು ಸಾವಿರಕ್ಕೆ ಇಳಿದು ಒಂದು ಸುತ್ತಿನ ಔಷಧವನ್ನೇ ಮುಂದೂಡಿದ್ದರು. ಅಲ್ಲಿಂದ ಆ ಸಂಖ್ಯೆ ನಮ್ಮ ಮನೆಯ ದೇವರಾಯಿತು. ಬಾಡಿಗೆ ಮನೆಯವರು ಮೆಟ್ಟಿಲಲ್ಲಿ ಸಿಕ್ಕರೆ "ಎಷ್ಟಾಯ್ತು?" ಹಾಲಿನ ಬೂತಿನಲ್ಲಿ "ಎಷ್ಟಾಯ್ತು?" ಕಿವಿ ಹಣ್ಣು ತಂದವರು, ಡ್ರ್ಯಾಗನ್ ಹಣ್ಣು ತಂದವರು, ಆಡಿನ ಹಾಲು ತಂದವರು. ಅಮ್ಮನಿಗೆ ನೋವಿದೆಯಾ, ನಿದ್ದೆ ಬರುತ್ತಾ, ಬಾಯಿಗೆ ಏನಾದರೂ ರುಚಿಸುತ್ತಾ ಎಂದು ಯಾರೂ ಕೇಳಲಿಲ್ಲ. ಕೀಮೋ ಮುಗಿದ ಮೇಲೆ ಮೂರು ಲಕ್ಷಕ್ಕೆ ಬಂದಾಗ ಅಜ್ಜಿ ಪಾಯಸ ಮಾಡಿಸಿದಳು. ನಾಲ್ಕು ಲಕ್ಷ ಎಪ್ಪತ್ತು ಸಾವಿರ ಆದಾಗ ಅಪ್ಪ ಬಾಡಿಗೆ ಮನೆಗಳಿಗೆಲ್ಲ ಜಹಾಂಗೀರ್ ಹಂಚಿದರು. ಡೆಂಗ್ಯೂ ನೋಡಿ ನೋಡಿ ನಮಗೆಲ್ಲ ಒಂದೇ ಪಾಠ ತಲೆಗೆ ಹತ್ತಿದೆ: ಇಳಿದರೆ ಸಾವು, ಏರಿದರೆ ಬದುಕು. ಅಮ್ಮನೂ ಅದನ್ನೇ ನಂಬಿದಳು. ತನ್ನದು ಡೆಂಗ್ಯೂ ಅಲ್ಲ ಎಂದು ಗೊತ್ತಿದ್ದವಳೂ ನಂಬಿದಳು. ಮದುವೆ ಸೀರೆಗೆ ಕುಚ್ಚು ಕಟ್ಟಿಸಲು ಕೊಟ್ಟಳು.

ದೀಪಾವಳಿಗೆ ಮುಂಚೆ ಒಂದು ದಿನ ಡಾಕ್ಟರ್ ಅಪ್ಪನನ್ನೂ ನನ್ನನ್ನೂ ಒಳಗೆ ಕರೆದರು. ಅಮ್ಮ ಹೊರಗೆ ಇನ್ನೊಂದು ಪರೀಕ್ಷೆಗೆ ರಕ್ತ ಕೊಡುವ ಸಾಲಿನಲ್ಲಿದ್ದಳು. ಅಪ್ಪ ಕುರ್ಚಿ ಎಳೆದುಕೊಳ್ಳುವ ಮೊದಲೇ, "ಆರು ಲಕ್ಷ ಇಪ್ಪತ್ತು ಸಾವಿರ ಮೇಡಂ! ಗಟ್ಟಿ ಆದ್ಲು ಅಲ್ವಾ?" ಅಂದರು. ಡಾಕ್ಟರ್ ರಿಪೋರ್ಟನ್ನು ಅಪ್ಪನ ಕಡೆ ತಿರುಗಿಸಿದರು. ಆಮೇಲೆ ಹೇಳಿದರು, "ಡೆಂಗ್ಯೂಲಿ ಇಳಿದ್ರೆ ಭಯ ಸರ್. ಇಲ್ಲಿ ಲೆಕ್ಕ ಬೇರೆ. ಗಡ್ಡೆ ಇದೆಯಲ್ಲ, ಅದೇ ದೇಹಕ್ಕೆ ಹೇಳಿ ಕಳಿಸಿ ಪ್ಲೇಟ್‌ಲೆಟ್ ಮಾಡಿಸ್ಕೊಳ್ಳುತ್ತೆ. ಆ ಪ್ಲೇಟ್‌ಲೆಟ್ ಹೋಗಿ ಗಡ್ಡೆಯ ಕಣಗಳಿಗೆ ಅಂಟ್ಕೊಂಡು ಅವನ್ನೇ ಕಾಪಾಡುತ್ತೆ."

ಹಾಗಾದರೆ ಏರಿದಷ್ಟೂ ಕೆಟ್ಟದ್ದಾ ಎಂದು ನಾನು ಕೇಳಿದೆ. ಅಪ್ಪ ನನ್ನ ಕಾಲು ತುಳಿದರು. ಡಾಕ್ಟರ್ ನನಗೇ ಉತ್ತರ ಕೊಟ್ಟರು. "ಈ ಒಂದು ನಂಬರ್ ನೋಡಿ ಯಾರೂ ಭವಿಷ್ಯ ಹೇಳ್ಬಾರದಮ್ಮ. ರಕ್ತ ಕಮ್ಮಿ ಇದ್ರೂ ಏರುತ್ತೆ, ಸೋಂಕಾದ್ರೂ ಏರುತ್ತೆ. ಆದ್ರೆ ಈ ಕಾಯಿಲೇಲಿ ಹೀಗೆ ಏರಿದವರಿಗೆ ಸಾಮಾನ್ಯವಾಗಿ ಕಷ್ಟ ಜಾಸ್ತಿ. ನಿಮ್ಮಮ್ಮಂದು ಸ್ಕ್ಯಾನಲ್ಲೂ ಮತ್ತೆ ಕಾಣಿಸ್ತಿದೆ, ಹೊಟ್ಟೇಲಿ ನೀರು ಸೇರ್ತಾ ಇದೆ. ಬೇರೆ ಔಷಧ ಇದೆ, ಶುರು ಮಾಡೋಣ. ತಡ ಮಾಡ್ಬೇಡಿ." ಅಪ್ಪ ಕೈ ಮುಗಿದರು. "ಡಿಸೆಂಬರಲ್ಲಿ ಮಗನ ಮದ್ವೆ ಇದೆ ಮೇಡಂ. ಅದೊಂದು ಆಗ್ಬಿಡ್ಲಿ." ಡಾಕ್ಟರ್ ಅಪ್ಪನನ್ನೇ ನೋಡಿದರು. "ಮದುವೇಲಿ ಅವ್ರೂ ಇರ್ಬೇಕು ತಾನೇ ಸರ್?"

ಹೊರಗೆ ಬಂದು ಕಾರು ನಿಲ್ಲಿಸಿದ ಜಾಗಕ್ಕೆ ಹೋದೆವು. ಅಪ್ಪ ಕಾರಿನ ಮೇಲೆ ಕೈ ಊರಿ ನಿಂತರು. ಅಳುತ್ತಾರೇನೋ ಎಂದುಕೊಂಡೆ. ಅವರು ಫೋನ್ ತೆಗೆದು ನಿಮ್ಮಪ್ಪನಿಗೆ ಮಾಡಿದರು. "ಆರು ಲಕ್ಷ ಇಪ್ಪತ್ತು ಸಾವಿರ ಬೀಗ್ರೇ! ನಿಮ್ ಮಗಳ ಕೈಗುಣ!" ಅಂದರು. ನಕ್ಕರು. ಆ ಕಡೆಯಿಂದ ನಿಮ್ಮಪ್ಪ ನಕ್ಕಿದ್ದೂ ನನಗೆ ಕೇಳಿಸಿತು. ನಾನು ಪಕ್ಕದ ಕಾರಿನ ಹಿಂದೆ ಹೋಗಿ ವಾಂತಿ ಮಾಡಿದೆ. ಅಮ್ಮ ಕೈಗೆ ಹತ್ತಿ ಒತ್ತಿಕೊಂಡು ಬಂದಳು, ಏನಂದ್ರು ಎಂದು ಕೇಳಿದಳು. ಅಪ್ಪ ಮತ್ತೆ ಆ ಸಂಖ್ಯೆ ಹೇಳಿದರು. ಅವಳ ಮುಖ ಅರಳಿತು. ನಾನು ಬಾಯಿ ಒರೆಸಿಕೊಂಡು ಸುಮ್ಮನಿದ್ದೆ.

ಸುಮ್ಮನಿದ್ದೆ ಎಂದು ಬರೆಯಲೂ ನನಗೆ ಅಸಹ್ಯ. ನಾನು ಶಾಲೆ ಬಿಟ್ಟದ್ದು ಯಾಕೆಂದು ನಿನಗೆ ಗೊತ್ತಿದೆ. ಹತ್ತನೇ ತರಗತಿಯ ಪೂರ್ವಸಿದ್ಧತಾ ಪರೀಕ್ಷೆಯಲ್ಲಿ ಮೇಷ್ಟ್ರು ಉತ್ತರಗಳನ್ನು ಓದಿ ಹೇಳುತ್ತಿದ್ದರು. ಬರೆಯಲ್ಲ ಎಂದು ಎದ್ದು ಬಂದೆ, ಮತ್ತೆ ಹೋಗಲಿಲ್ಲ. ಆಮೇಲೆ ಬ್ಯೂಟಿ ಪಾರ್ಲರ್, ಜಿಮ್ಮಿನ ರಿಸೆಪ್ಷನ್, ಬಟ್ಟೆ ಅಂಗಡಿ, ಎಲ್ಲೂ ನಿಲ್ಲಲಿಲ್ಲ. ಎಲ್ಲ ಕಡೆಯೂ ಯಾವುದೋ ಸುಳ್ಳು ಹೇಳಿಸುತ್ತಿದ್ದರು. ನನಗೆ ಅದರ ಬಗ್ಗೆ ಒಳಗೊಳಗೇ ಜಂಬವೂ ಇತ್ತು. ಇಷ್ಟೆಲ್ಲ ಜಂಬ ಪಟ್ಟವಳು, ಮನೆಯಲ್ಲಿ ಖಾಲಿ ಇದ್ದವಳು ನಾನೊಬ್ಬಳೇ ಎಂದು ಅಮ್ಮನ ಜೊತೆ ಆಸ್ಪತ್ರೆಗೆ ಹೋಗಿಬಂದವಳು, ಅವಳ ವಿಷಯಕ್ಕೆ ಬಂದಾಗ ಎಲ್ಲರಿಗಿಂತ ಚೆನ್ನಾಗಿ ಬಾಯಿ ಮುಚ್ಚಿಕೊಂಡೆ.

ನಿನ್ನೆ ನಿಮ್ಮವರೆಲ್ಲ ಲಗ್ನಪತ್ರಿಕೆ ಬರೆಸಲು ಬಂದಿದ್ದಿರಿ. ಅಮ್ಮ ಹಸಿರು ರೇಷ್ಮೆ ಸೀರೆ ಉಟ್ಟಿದ್ದಳು. ಅದರ ರವಿಕೆ ಹತ್ತಲಿಲ್ಲ. ಪಕ್ಕದ ಹೊಲಿಗೆ ಬಿಚ್ಚಿಕೊಟ್ಟವಳು ನಾನು. ಕೈಕಾಲು ಕಡ್ಡಿ, ಹೊಟ್ಟೆ ಮಾತ್ರ ಬಿರಿಯುವಂತೆ ಉಬ್ಬಿತ್ತು. ಅದು ನೀರು ಸಿಂಚನಾ. ನಿಮ್ಮಮ್ಮ ಅವಳ ಕೈ ಹಿಡಿದು, "ಈಗ ಮೈ ತುಂಬ್ಕೊಂಡಿದೀರಾ, ಕಳೆ ಬಂದಿದೆ" ಅಂದರು. ಅವರ ತಪ್ಪೇನಿಲ್ಲ. ನಮ್ಮ ಅಜ್ಜಿ ಮಾತ್ರ ಗೊತ್ತಿದ್ದೂ, "ಸೊಸೆ ಬರೋ ಖುಷಿಗೆ ಊದ್ಕೊಂಡವ್ಳೆ" ಎಂದು ನಗಿಸಿದಳು. ಎಲ್ಲರೂ ನಕ್ಕರು. ಅಪ್ಪ ಎಲ್ಲರ ಎದುರು ಮತ್ತೆ ಆ ಸಂಖ್ಯೆ ಹೇಳಿದರು, ಈಗ ಅದು ಆರೂ ಮುಕ್ಕಾಲು ಲಕ್ಷ. ನಿನ್ನನ್ನು ಎದ್ದು ನಿಲ್ಲಿಸಿ, ಇವಳ ಎಲೆಯಿಂದಲೇ ಎಂದರು. ಚಪ್ಪಾಳೆ ತಟ್ಟಿದರು. ನಿನ್ನ ಕಣ್ಣಲ್ಲಿ ನೀರು ಬಂತು, ಅಮ್ಮನ ಕಾಲಿಗೆ ಬಿದ್ದೆ. ನಿನ್ನನ್ನು ಎತ್ತಲು ಬಗ್ಗುವುದಕ್ಕೆ ಅವಳಿಗೆ ಆಗಲಿಲ್ಲ. ನೀನು ಅದನ್ನು ನೋಡಿದೆ. ನಿನ್ನ ನಗು ಒಂದು ಕ್ಷಣ ನಿಂತಿತು, ನನ್ನ ಕಡೆ ತಿರುಗಿದೆ. ನಾನು ಹೋಳಿಗೆ ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಓಡಿದೆ. ಈ ಪತ್ರ ಬರೆಸುತ್ತಿರುವುದು ಆ ಒಂದು ನೋಟ.

ನೀವೆಲ್ಲ ಹೋದ ಮೇಲೆ ಅಪ್ಪನನ್ನು ಕೇಳಿದೆ, ನಾಳೆಯಾದರೂ ಆಸ್ಪತ್ರೆಗೆ ಹೋಗೋಣವಾ ಎಂದು. "ಧಾರೆ ಆಗ್ಲಿ" ಅಂದರು. ಹೊಟ್ಟೆ ನೋಡಿದಿರಾ ಎಂದೆ. "ಆಗ್ಲೀ ಅಂದ್ನಲ್ಲ!" ಎಂದು ಕೂಗಿದರು. ಗೌತಮ್ ಮೊಬೈಲಿನಿಂದ ತಲೆ ಎತ್ತದೆ, "ಎಸ್ಸೆಸ್ಸೆಲ್ಸಿ ಆಗ್ದೋಳು ಕ್ಯಾನ್ಸರ್ ಸ್ಪೆಷಲಿಸ್ಟ್ ಆಗ್ಬಿಟ್ಳು ಗುರು" ಅಂದ. ನಿನಗೆ ಹೇಳೋಣ ಎಂದೆ. ಆಗ ಅವನ ಮುಖ ಬಿಳಿಚಿತು. "ಅವಳು ಹೋಗ್ಬಿಡ್ತಾಳೆ ಕಣೇ" ಅಂದ. ಅವನಿಗೆ ನೀನೆಂದರೆ ಪ್ರಾಣ, ಅದು ನಿಜ. ಆ ಪ್ರಾಣಕ್ಕಾಗಿ ಅಮ್ಮನ ಪ್ರಾಣವನ್ನು ಮೂರು ವಾರ ಪಕ್ಕಕ್ಕಿಡಬಲ್ಲ ಅನ್ನುವುದೂ ಅಷ್ಟೇ ನಿಜ. ಎರಡನ್ನೂ ನೀನೇ ತೂಗಿ ನೋಡು. ಅವನ ಪರವಾಗಿ ನಾನು ಒಂದು ಮಾತೂ ಆಡುವುದಿಲ್ಲ, ವಿರುದ್ಧವೂ ಇಲ್ಲ.

ಅಪ್ಪ ಕೆಟ್ಟವರಲ್ಲ. ನನಗೆ ಎಲ್ಲಕ್ಕಿಂತ ಹೇಸಿಗೆ ಹುಟ್ಟಿಸುವುದು ಅದೇ. ದಿನಾ ಬೆಳಿಗ್ಗೆ ತಾವೇ ಹೋಗಿ ಅಮ್ಮನಿಗೆ ಎಳನೀರು ತರುತ್ತಾರೆ. ರಾತ್ರಿ ಅವಳ ಕಾಲು ಒತ್ತುತ್ತಾರೆ. ಕೆಟ್ಟವರಾಗಿದ್ದರೆ ಬೈದು ಮುಗಿಸಬಹುದಿತ್ತು. ಒಳ್ಳೆಯವರೇ ಸೇರಿಕೊಂಡು, ನಗುನಗುತ್ತಾ, ಹೋಳಿಗೆಗೆ ತುಪ್ಪ ಬಡಿಸುತ್ತಾ ಒಬ್ಬಳನ್ನು ಹೀಗೆ ಮಾಡಬಹುದು ಎಂದು ನನಗೆ ಗೊತ್ತಿರಲಿಲ್ಲ.

ಇವತ್ತು ಬೆಳಿಗ್ಗೆ ಅಮ್ಮ ಮಹಡಿಯ ಮೇಲೆ ಬಿಸಿಲಿಗೆ ಕೂತು ಅವರೆಕಾಯಿ ಸುಲಿಯುತ್ತಿದ್ದಳು. ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಆರು ಲಕ್ಷ ಎಂದರೆ ಏನು, ಸ್ಕ್ಯಾನಿನಲ್ಲಿ ಏನಿದೆ, ಹೊಟ್ಟೆಯಲ್ಲಿ ಏನಿದೆ, ಡಾಕ್ಟರ್ ಏನು ಕೇಳಿದರು, ಅಪ್ಪ ಏನಂದರು. ಅವಳು ಸುಲಿಯುವುದನ್ನು ನಿಲ್ಲಿಸಲಿಲ್ಲ. ಕಾಳು ಒಂದು ಕಡೆ, ಸಿಪ್ಪೆ ಒಂದು ಕಡೆ ಬೀಳುತ್ತಲೇ ಇತ್ತು. ಬೈಯಲಿ ಎಂದು ಕಾದೆ. ಕೈಯಲ್ಲಿದ್ದ ಕಾಯಿ ಸುಲಿದು ಮುಗಿಸಿ ಕೇಳಿದಳು, "ರವಿಕೆ ಹತ್ತಲ್ಲ, ದಪ್ಪ ಆಗ್ಬಿಟ್ಟಿದೀನಿ ಅಂದಾಗ ನೀನೂ ನಕ್ಕೆ ಅಲ್ವೇನೇ?"

ನಕ್ಕಿದ್ದೆ. ಹೌದು ಎಂದೆ.

ಅವಳು ಮೊರವನ್ನು ಪಕ್ಕಕ್ಕಿಟ್ಟಳು. ಆ ಔಷಧದಿಂದ ವಾಸಿಯಾಗುತ್ತದಾ ಎಂದು ಕೇಳಿದಳು. ವಾಸಿಯಾಗುತ್ತದೆ ಎಂದು ಡಾಕ್ಟರ್ ಹೇಳಲಿಲ್ಲ, ಸ್ವಲ್ಪ ಕಾಲ ಸಿಗಬಹುದು ಎಂದರು ಅಂದೆ. ನೀರು ತೆಗೆದರೆ ಉಸಿರಾಡಲು ಸುಲಭವಾಗುತ್ತದೆ, ಅದು ಖಂಡಿತ ಎಂದೆ. "ಧಾರೆಗೆ ಹಾಲು ಬಿಡೋಕೆ ನಿಂತ್ಕೊಳ್ಳೋಕಾದ್ರೂ ಆಗ್ಬೇಕಲ್ಲ. ಹಿಂಗೆ ಗೊಂಬೆ ಕೂರ್ಸಿದಂಗೆ ಕೂರ್ಸಿದ್ರೆ ಏನ್ ಚೆಂದ?" ಅಂದಳು. ಆಮೇಲೆ, "ನಾಳೆ ಹೋಗೋಣ. ನಿಮ್ಮಪ್ಪಂಗೆ ನಾನೇ ಹೇಳ್ತೀನಿ" ಅಂದಳು. ಹೇಳಿಯೂ ಬಿಟ್ಟಳು. ಅಪ್ಪ ಕಾರಿನ ಕೀಲಿ ಜೇಬಿಗೆ ಹಾಕಿಕೊಂಡು ಹೊರಗೆ ಹೋದವರು ಇನ್ನೂ ಬಂದಿಲ್ಲ. ಪರವಾಗಿಲ್ಲ, ಆಟೋ ಸಿಗುತ್ತದೆ.

ಅಮ್ಮ ಆಸ್ಪತ್ರೆಗೆ ಸೇರಿದರೆ ಮೂರು ವಾರ ಡೆಂಗ್ಯೂ ನಾಟಕ ನಡೆಯುವುದಿಲ್ಲ. ನಿನಗೆ ಹೇಗೂ ಗೊತ್ತಾಗುತ್ತದೆ. ಯಾರದೋ ಬಾಯಿಂದ ಅರ್ಧಂಬರ್ಧ ಗೊತ್ತಾಗುವ ಬದಲು, ನಿನಗೆ ಮೋಸ ಮಾಡಿದವರಲ್ಲೇ ಒಬ್ಬಳಿಂದ ಪೂರ್ತಿ ಗೊತ್ತಾಗಲಿ. ಮದುವೆಯಾಗು ಎಂದು ಕೇಳುತ್ತಿಲ್ಲ, ಬೇಡ ಎಂದೂ ಹೇಳುತ್ತಿಲ್ಲ. ಆದರೆ ಒಂದು. ಎಲೆ ಕೆಲಸ ಮಾಡಲಿಲ್ಲ ಎಂದು ನೊಂದುಕೊಳ್ಳಬೇಡ. ಅದು ಕೆಲಸ ಮಾಡಬೇಕಾದ ಕಾಯಿಲೆಯೇ ಅಲ್ಲ ಇದು. ನಮ್ಮ ಮನೆಗೆ ಬಂದವರಲ್ಲಿ ಅಮ್ಮನ ಹಾಸಿಗೆಯ ಮೇಲೆ ಕೂತು, ಸಂಖ್ಯೆ ಕೇಳುವ ಮೊದಲು "ಊಟ ಮಾಡಿದ್ರಾ ಅತ್ತೆ?" ಎಂದು ಕೇಳಿದವಳು ನೀನೊಬ್ಬಳೇ.

ಅತ್ತಿಗೆ ಎಂದು ಕರೆಯುವ ಆಸೆ ಇತ್ತು. ಇನ್ನು ಅದು ನಿನಗೆ ಬಿಟ್ಟದ್ದು.

ನಿನ್ನ ಎಲೆಗಳನ್ನೆಲ್ಲ ಚೆಲ್ಲಿದ,
ಕೀರ್ತನಾ

ಮರೆತದ್ದು: ಮೇಲೆ, ಅಮ್ಮನಿಗೆ ಈ ಪತ್ರದ ವಿಷಯ ಗೊತ್ತಿಲ್ಲ ಎಂದು ಬರೆದಿದ್ದೇನೆ. ಬರೆಯುವಾಗ ಅದು ನಿಜವಾಗಿತ್ತು, ಆದ್ದರಿಂದ ಹೊಡೆದುಹಾಕುವುದಿಲ್ಲ. ಈಗ ಡಬ್ಬಿ ತೊಳೆದು ಒರೆಸುತ್ತಿದ್ದಾಗ ಅವಳು ಗೋಡೆ ಹಿಡಿದುಕೊಂಡು ಅಡುಗೆಮನೆಗೆ ಬಂದಳು. ಮಡಚಿಟ್ಟ ಕಾಗದ ನೋಡಿದಳು, ಡಬ್ಬಿ ನೋಡಿದಳು. ಓದಬೇಕಾ ಎಂದು ಕೇಳಿದೆ. ಬೇಡ ಎಂದು ತಲೆಯಾಡಿಸಿದಳು. "ಬರೀ ಕಾಗ್ದ ಹಾಕಿ ಕಳಿಸ್ತಾರೇನೇ ಯಾರಾದ್ರೂ?" ಎಂದು ಡಬ್ಬಿಯ ತಳಕ್ಕೆ ಎರಡು ಚಮಚ ಸಕ್ಕರೆ ಹಾಕಿ, ಇರುವೆ ಹತ್ತದಿರಲಿ ಎಂದು ಪತ್ರವನ್ನು ತಾನೇ ಪ್ಲಾಸ್ಟಿಕ್ ಕವರಿಗೆ ಹಾಕಿಕೊಟ್ಟಳು. ಈ ನಾಲ್ಕು ಸಾಲು ಸೇರಿಸಲು ಮತ್ತೆ ಹೊರಗೆ ತೆಗೆದಿದ್ದೇನೆ. ನಿನಗೆ ಒಂದು ಮಾತು ಹೇಳಿದ್ದಾಳೆ: ಇನ್ನು ಎಲೆ ಕೀಳಬೇಡವಂತೆ, ಮರ ಬೋಳಾಗುತ್ತದಂತೆ, ಹಣ್ಣು ಬಿಡಲಿ ಅಂದಳು.

ನಾಳೆ ಬೆಳಿಗ್ಗೆ ನಾವಿಬ್ಬರೂ ಹೊರಡುತ್ತೇವೆ.